ಅವನಿಗೆ ಭರತ, ಅವಳಿಗೆ ಇಳಿತ

ಸಿನೆಮಾ ನೋಡುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರು ಫೈಟು ಎಣಿಸುತ್ತಾರೆ, ಕೆಲವರು ಹೀರೋನ ಅಂಗಿ ನೋಡಿಕೊಂಡು ಬಂದು ದರ್ಜಿಯ ತಲೆ ತಿನ್ನುತ್ತಾರೆ. ನಮ್ಮ ಅವ್ವಿಯಂಥವರು ನಾಯಕಿಯ ಸೀರೆ ಅಂಚಿನಲ್ಲೇ ಅವಳ ಮನೆತನ ಅಳೆದುಬಿಡುತ್ತಾರೆ. ನಾನು ನೋಡುವುದು ನೀರು. ತೆರೆಯ ಮೇಲೆ ಹೊಳೆ, ಮಳೆ, ಸಮುದ್ರ ಯಾವುದು ಬಂದರೂ ಕತೆ ಮರೆತು ನೆಟ್ಟಗೆ ಕೂರುತ್ತೇನೆ. ಇದು ಊರು ಹಚ್ಚಿದ ಚಟ. ಧಾರವಾಡದ ಕಡೆ ಹುಟ್ಟಿ, ಬೇಡ್ತಿ ಎನ್ನಿಸಿಕೊಂಡು, ಮಾಗೋಡಿನಲ್ಲಿ ಧುಮುಕಿ, ಕೊನೆಗೆ ಗಂಗಾವಳಿಯಾಗಿ ಸಮುದ್ರ ಸೇರುವ ಹೊಳೆಯ ಅಳಿವೆಯಲ್ಲೇ ಮಂಜಗುಣಿ ಕೂತಿದೆ. ತಾರಿ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಬಂದು ಬೆಳೆದವನ ಮುಂದೆ ನಿರ್ದೇಶಕರು ಪ್ರೀತಿಯ ಬಗ್ಗೆ ಎಷ್ಟು ಬೇಕಾದರೂ ಸುಳ್ಳು ಹೇಳಲಿ, ನೀರಿನ ಬಗ್ಗೆ ಹೇಳಿದರೆ ದಕ್ಕುವುದಿಲ್ಲ.

ಒಂದು ಚಿತ್ರದಲ್ಲಿ (ಹೆಸರು ಬೇಡ, ಅದರ ಹಾಡು ನನಗೂ ಇಷ್ಟ) ಹೊಳೆದಂಡೆಯಲ್ಲಿ ಪ್ರೇಮಿಗಳಿಬ್ಬರು ಎದುರುಬದುರು ನಿಂತು ಮಾತಾಡುತ್ತಾರೆ. ಅವನು ಮಾತಾಡುವಾಗ ಹಿಂದೆ ಹೊಳೆ ದಂಡೆಯ ಕಲ್ಲು ಮುಳುಗುವಷ್ಟು ತುಂಬಿದೆ. ಕ್ಯಾಮರಾ ಅವಳ ಕಡೆ ತಿರುಗಿದರೆ ಬರೀ ಕೆಸರು. ಕೆಸರಿನಲ್ಲಿ ಒಂದು ಬೆಳ್ಳಕ್ಕಿ ಏಡಿ ಹುಡುಕುತ್ತಿದೆ. ಮತ್ತೆ ಅವನು, ಮತ್ತೆ ತುಂಬಿದ ಹೊಳೆ. ಅವನಿಗೆ ಭರತ, ಅವಳಿಗೆ ಇಳಿತ! ಆಗಿದ್ದಿಷ್ಟೇ: ಅವನ ಮಾತುಗಳನ್ನು ಬೆಳಿಗ್ಗೆ ತೆಗೆದಿದ್ದಾರೆ, ಅವಳದನ್ನು ಊಟ ಮುಗಿಸಿ. ಹೋಗಲಿ, ನಾಳೆ ಅದೇ ಹೊತ್ತಿಗೆ ಬಂದು ತೆಗೆಯೋಣವೆಂದರೂ ಆಗದು, ಭರತ ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತದೆ. ನಾಯಕಿಯ ಕುಂಕುಮ ನಿನ್ನೆ ಎಷ್ಟು ಅಗಲವಿತ್ತು ಎಂದು ಬರೆದಿಡಲು ಒಬ್ಬ ಸಹಾಯಕನಿರುತ್ತಾನಲ್ಲ, ಅವನಿಗೆ ಒಂದು ಪಂಚಾಂಗ ಕೊಡಿಸಿದರೆ ಸಾಕಿತ್ತು.

ಹೊಳೆಯ ಕತೆ ಹೀಗಾದರೆ ನಮ್ಮ ನೆರೆಯ ಗೋವಾದ ಕತೆ ಬೇರೆ. 1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ಯಿಂದ ರಾಜಕುಮಾರರನ್ನು ಸಿ.ಐ.ಡಿ. 999 ಮಾಡಿ, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ತೆಗೆದರು. ಗೋವಾ ಬಿಡುಗಡೆಯಾಗಿ ಆಗ ಏಳೇ ವರ್ಷ. ಬೆಂಗಳೂರು, ಮೈಸೂರಿನವರಿಗೆ ಅದು ಬಾಂಡನ ಊರಿನಷ್ಟೇ ದೂರ. ಕಾರವಾರ, ಅಂಕೋಲೆಯವರಿಗೆ ಅದು ಕೆಲಸಕ್ಕೆ, ಆಸ್ಪತ್ರೆಗೆ, ನೆಂಟರ ಮನೆಗೆ ಹೋಗುವ ಊರು. ಹಾಗಾಗಿ ಮುಂದೆ ಕನ್ನಡ ಚಿತ್ರಗಳ ಖಳನಾಯಕರು ಗೋವಾದ ಅಡ್ಡೆಗಳಲ್ಲಿ ಕೆಂಪು-ಹಸಿರು ಬಲ್ಬು ಮಿಣುಕಿಸಿಕೊಂಡು ಕೂತಾಗಲೆಲ್ಲ ನನಗೆ ನಗು. ಕಳ್ಳಸಾಗಣೆಯವನಿಗೆ ಅಷ್ಟು ಬೆಳಕು ಯಾಕೆ ಬೇಕು? ಹಾಗಂತ ಆ ಚಿತ್ರಗಳನ್ನು ಬಿಟ್ಟುಕೊಡುವವ ನಾನಲ್ಲ. ಅವು ತಮ್ಮನ್ನು ತಾವೇ ನಂಬಿದ್ದವು. ಈಗಿನ ಕೆಲವು ಚಿತ್ರಗಳು ತಮ್ಮನ್ನು ತಾವೇ ಗೇಲಿ ಮಾಡಿಕೊಂಡು, ನೀವೂ ನಗಿ ಎನ್ನುತ್ತವೆ.

ಹೀರೋನ ‘ಎಂಟ್ರಿ’ ಅತಿಯಾಯಿತು ಎಂದು ಪೇಟೆಯ ವಿಮರ್ಶಕರು ಕೊರಗುತ್ತಾರೆ. ಮೊದಲು ಬೂಟು, ಆಮೇಲೆ ಬೆನ್ನು, ಆಮೇಲೆ ಹೊಗೆ, ಹತ್ತು ಜನ ಹಾರಿ ಬಿದ್ದ ಮೇಲೆ ಮುಖ. ಆಟದ ಗದ್ದೆಯಲ್ಲಿ ಕಂಬಳಿ ಹಾಸಿಕೊಂಡು ರಾತ್ರಿಯಿಡೀ ಯಕ್ಷಗಾನ ನೋಡಿದ ನಮಗೆ ಇದೇನು ಹೊಸತೆ? ರಾಕ್ಷಸ ವೇಷ ತೆರೆಯ ಹಿಂದೆ ನಿಂತು ಕಿರೀಟವಷ್ಟನ್ನು ತೋರಿಸಿ, ಕೂಗು ಹಾಕಿ, ತೆರೆ ಅಲ್ಲಾಡಿಸಿ, ಚಂಡೆಯವನ ರಟ್ಟೆ ಸೋಲುವವರೆಗೆ ಮುಖ ತೋರಿಸುತ್ತಿರಲಿಲ್ಲ. ಅದಕ್ಕೆ ಒಡ್ಡೋಲಗ ಅಂದೆವು. ‘ಕೆಜಿಎಫ್’ ಮಾಡಿದ್ದೂ ಒಡ್ಡೋಲಗವೇ. ಒಂದೇ ತಕರಾರು: ಯಕ್ಷಗಾನದಲ್ಲಿ ಒಡ್ಡೋಲಗ ಮುಗಿದ ಮೇಲೆ ಪ್ರಸಂಗ ಶುರುವಾಗುತ್ತದೆ, ಕೆಲವು ಚಿತ್ರಗಳಲ್ಲಿ ಮಂಗಳದವರೆಗೂ ಒಡ್ಡೋಲಗವೇ.

ಪುಟ್ಟಣ್ಣ ಕಣಗಾಲರ ವಿಷಯದಲ್ಲಿ ತೀರ್ಪು ಕೊಡುವ ಹಕ್ಕು ಅವ್ವಿಯದು. ‘ಗೆಜ್ಜೆಪೂಜೆ’, ‘ಶರಪಂಜರ’ ಎರಡರಲ್ಲೂ ಕಲ್ಪನಾ ಮೊದಲರ್ಧದಲ್ಲಿ ನಗುತ್ತ ಓಡಾಡಿದರೆ ಅವ್ವಿಗೆ ಎದೆ ಡವಗುಟ್ಟುತ್ತಿತ್ತು. ‘ಇಷ್ಟ್ ಚಂದ ನಗ್ತದೆ, ಇನ್ನ್ ಇದ್ಕೆ ಏನೋ ಕಾದದೆ’ ಎಂದು ಸೆರಗು ಕೈಗೆ ತೆಗೆದುಕೊಂಡು ತಯಾರಾಗುತ್ತಿದ್ದಳು. ಒಂದು ಸಲವೂ ಅವಳ ಲೆಕ್ಕ ತಪ್ಪಿದ್ದಿಲ್ಲ. ಹೊನ್ನಾವರದ ಕಡೆಯ ಶಂಕರ್ ನಾಗ್, ಅನಂತ್ ನಾಗ್ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ. ‘ಮಿಂಚಿನ ಓಟ’ದಲ್ಲಿ ಕಳ್ಳರ ಪರ ನಿಂತವನು ನಾನು, ಜಿಲ್ಲೆಯ ಅಭಿಮಾನ ಅಡ್ಡ ಬರುತ್ತದೆ.

ಮಳೆಗೆ ಬರೋಣ. ಸಿನೆಮಾದ ಮಳೆ ಟ್ಯಾಂಕರಿನದು. ನೆಟ್ಟಗೆ ಬೀಳುತ್ತದೆ, ನಾಯಕಿಯ ಮೇಲಷ್ಟೇ ಬೀಳುತ್ತದೆ, ಹಿಂದಿನ ಗುಡ್ಡದ ಮೇಲೆ ಬಿಸಿಲು. ನಮ್ಮ ಮಳೆ ಸಮುದ್ರದ ಕಡೆಯಿಂದ ಅಡ್ಡಡ್ಡ ಬಂದು ಕೊಡೆಯನ್ನು ಬುಡಮೇಲು ಮಾಡಿ, ಬೆನ್ನಿಗೆ ಹೊಡೆದು ಹೋಗುತ್ತದೆ. 1950ರ ‘ರಾಶೋಮನ್’ಗೆ ಮಳೆ ಸುರಿಸುವಾಗ ಕುರೊಸಾವಾ ನೀರಿಗೆ ಶಾಯಿ ಬೆರೆಸಿದ್ದರಂತೆ, ಬರೀ ನೀರು ಬೂದು ಆಕಾಶದೆದುರು ಕ್ಯಾಮರಾಕ್ಕೆ ಕಾಣದೆಂದು. ಅಂಥ ಸುಳ್ಳಿಗೆ ನನ್ನ ಪೂರ್ಣ ಒಪ್ಪಿಗೆ. 2006ರ ಕೊನೆಗೆ ಬಂದ ಯೋಗರಾಜ ಭಟ್ಟರ ‘ಮುಂಗಾರು ಮಳೆ’ ನನ್ನ ಪರೀಕ್ಷೆಯಲ್ಲಿ ಪಾಸಾದದ್ದು ಅದರ ಮೋಡದಿಂದ. ಮಳೆ ಇಲ್ಲದಾಗಲೂ ಬೆಳಕು ಒದ್ದೆಯಾಗಿರುತ್ತದೆ. ಹೊಳೆಯಾಚೆಯ ಗೋಕರ್ಣದ ಜಯಂತ ಕಾಯ್ಕಿಣಿ ಅದಕ್ಕೆ ಹಾಡು ಬರೆದರೆಂದು ಎರಡು ಅಂಕ ಜಾಸ್ತಿ ಕೊಟ್ಟಿದ್ದೇನೆ, ಅಲ್ಲಗಳೆಯುವುದಿಲ್ಲ.

ಆದರೆ ನೂರಕ್ಕೆ ನೂರು ಸಿಕ್ಕಿದ್ದು ಗಿರೀಶ ಕಾಸರವಳ್ಳಿಯವರ ‘ದ್ವೀಪ’ಕ್ಕೆ. ನಾ. ಡಿಸೋಜರ ಕಾದಂಬರಿ, ಅಣೆಕಟ್ಟಿನ ಹಿನ್ನೀರು, ಮುಳುಗುತ್ತಿರುವ ಊರು, ಎಲ್ಲರೂ ಬಿಟ್ಟುಹೋದ ಮೇಲೂ ಬಿಡಲೊಲ್ಲದ ಒಂದು ಮನೆ. ಅಲ್ಲಿ ನೀರು ಅಬ್ಬರಿಸುವುದಿಲ್ಲ, ಯಾರನ್ನೂ ಕೊಚ್ಚಿಕೊಂಡು ಹೋಗುವ ಆತುರವೂ ಅದಕ್ಕಿಲ್ಲ. ನಿನ್ನೆ ಕಾಲಿಟ್ಟಲ್ಲಿ ಇವತ್ತು ನೀರಿದೆ, ಅಷ್ಟೆ. ಹೊಳೆದಂಡೆಯವರಿಗೆ ನಿಜವಾದ ಹೆದರಿಕೆ ಅದೇ. ಗಂಗಾವಳಿ 2019ರ ಆಗಸ್ಟಿನಲ್ಲಿ ಏರಿದಾಗಲೂ ಜನ ಮೊದಲು ನೋಡುತ್ತಿದ್ದದ್ದು ಮೆಟ್ಟಿಲ ಲೆಕ್ಕವನ್ನೇ. ಚಿತ್ರವನ್ನು ತಾನೇ ನಿರ್ಮಿಸಿದ ಸೌಂದರ್ಯ ಇಲ್ಲಿ ನಾಗಿ. ಮನೆಯನ್ನು ಕಾಪಾಡುವುದೆಲ್ಲ ಅವಳು, ಗಂಡ ಕೊನೆಗೆ ಕೈಮುಗಿಯುವುದು ದೇವರಿಗೆ. ಆ ಒಂದು ಜಾಗದಲ್ಲಿ ಅವ್ವಿ ಕಣ್ಣೊರೆಸಿಕೊಳ್ಳಲಿಲ್ಲ. ‘ಹಾಂ, ಇದು ಸಮಾ ತೆಗ್ದಿದಾನೆ’ ಎಂದಳು, ಅಪ್ಪನ ಕಡೆ ನೋಡುತ್ತ.

ಕರಾವಳಿ ಈಗ ಸಿನೆಮಾದವರಿಗೆ ಚಿನ್ನದ ಗಣಿ. 2014ರಲ್ಲಿ ರಕ್ಷಿತ್ ಶೆಟ್ಟಿಯ ‘ಉಳಿದವರು ಕಂಡಂತೆ’ ಮಲ್ಪೆಯನ್ನು ತೋರಿಸಿದಾಗ, ಅಬ್ಬ, ದೋಣಿಗೆ ಮೀನಿನ ವಾಸನೆ ಬಂತು ಎಂದು ಖುಷಿಪಟ್ಟಿದ್ದೆ. 2022ರ ‘ಕಾಂತಾರ’ದ ಮೇಲೆ ಮಾತ್ರ ಬೆಂಗಳೂರಿನ ನೆಂಟರು ಬಂದವರೇ, ‘ನಿಮ್ಮಲ್ಲಿ ಕೋಲ ಯಾವಾಗ?’ ಎನ್ನುತ್ತಾರೆ. ಅದು ತುಳುನಾಡಿನದು, ನಮ್ಮಲ್ಲಿ ಅಂಕೋಲೆಯ ಬಂಡಿಹಬ್ಬ ಇದೆ ಎಂದರೆ ಮುಖ ಸಪ್ಪಗಾಗುತ್ತದೆ. ಅವರನ್ನು ಸಮಾಧಾನ ಮಾಡಲು ಬಂಗಡೆ ಹುರಿಯಬೇಕಾಗುತ್ತದೆ.

ಅಂಥ ನೆಂಟರನ್ನು ಒಮ್ಮೆ ಕೂರಿಸಿ ‘ಗುಲಾಬಿ ಟಾಕೀಸ್’ ತೋರಿಸಿದೆ. ವೈದೇಹಿಯವರ ಕತೆ, 2008ರಲ್ಲಿ ಕಾಸರವಳ್ಳಿ ತೆಗೆದದ್ದು, ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ತಂದದ್ದು. ಗುಲಾಬಿ ಮೀನುಗಾರರ ಊರಿನ ಸೂಲಗಿತ್ತಿ, ಸಿನೆಮಾ ಎಂದರೆ ಪ್ರಾಣ. ಹೆರಿಗೆ ಬೇನೆ ಶುರುವಾಗಿದೆ, ಅವಳನ್ನು ಟಾಕೀಸಿನಿಂದ ಎಬ್ಬಿಸಬೇಕು. ನೆಂಟರು, ‘ಛೆ, ಅಲ್ಲೊಂದು ಜೀವ ಒದ್ದಾಡುತ್ತಿದೆ, ಇವಳಿಗೆ ಸಿನೆಮಾ!’ ಎಂದು ನೊಂದುಕೊಂಡರು. ಒಳಗಿನಿಂದ ಮಸಾಲೆ ಅರೆಯುತ್ತಿದ್ದ ಅವ್ವಿ ಕೈ ತೊಳೆಯದೆಯೇ ಹೊರಗೆ ಬಂದಳು.

‘ಹೆರಿಗೆ ಬೆಳಗಾ ಮುಂಜಾನೆ ತಂಕ ಆಗೂದೇಯಾ. ಸಿನ್ಮಾ ಅರ್ಧಕ್ಕೆ ಬಿಟ್ರೆ ಮತ್ತೆ ಹಾಕ್ತಾರಾ?’