ಇಂಟರ್ನ್ ಬ್ರದರ್‌ನ ವರ್ಷಿಪ್ ಸಪ್ತಾಹ

ದೇವರ ಸೇವೆಗೂ ಇಂಟರ್ನ್‌ಶಿಪ್ ಬಂದಿದೆ. ಎಂಜಿನಿಯರಿಂಗ್ ಹುಡುಗರು ಬೆಂಗಳೂರಿನ ಕಂಪನಿಗಳಲ್ಲಿ ಪುಕ್ಕಟೆ ದುಡಿದು ಸರ್ಟಿಫಿಕೇಟ್ ತರುತ್ತಾರಲ್ಲ, ಹಾಗೆಯೇ ಬೈಬಲ್ ಕಾಲೇಜಿನ ಹುಡುಗರು ಚರ್ಚುಗಳಲ್ಲಿ ಪುಕ್ಕಟೆ ದುಡಿದು ಸರ್ಟಿಫಿಕೇಟ್ ಒಯ್ಯುತ್ತಾರೆ. ಹಿಂದೆ ಇಂಥವರನ್ನು ಉಪದೇಶಿ ಎನ್ನುತ್ತಿದ್ದೆವು. ಉಪದೇಶಿಗೆ ಒಂದು ಬೈಬಲ್, ಒಂದು ಕೊಡೆ, ಜಿಗಣೆ ಕಚ್ಚಿದರೆ ಹಚ್ಚಲು ಒಂದಿಷ್ಟು ಸುಣ್ಣ ಇದ್ದರೆ ಆಯಿತು. ಇಂಟರ್ನ್‌ಗೆ ಗಿಟಾರ್, ಕಿವಿಯೊಳಗಿನ ಮಾನಿಟರ್, ಮೂರು ಬಗೆಯ ಚಾರ್ಜರ್ ಮತ್ತು ಒಂದು ವಿಷನ್ ಬೇಕು.

ಕೊಡಗಿನ ಗಾಳಿಬೀಡಿನ ಕಡೆಯ ನಮ್ಮ ಸಣ್ಣ ಸಭೆಗೂ ಒಬ್ಬರು ಬಂದರು. ಹೆಸರು ಹೇಳುವುದಿಲ್ಲ. ಇಂಥವರು ಒಬ್ಬರೇ ಆಗಿದ್ದರೆ ಹೇಳಬಹುದಿತ್ತು. ಕರ್ನಾಟಕದ ಅರ್ಧ ಚರ್ಚುಗಳಲ್ಲಿ ಈಗ ಇವರೇ ಇದ್ದಾರೆ. ಬ್ರದರ್ ಎಂದರೆ ಸಾಕು, ಯಾರೆಂದು ನಿಮಗೆ ಗೊತ್ತಾಗುತ್ತದೆ. ಬಿಗಿ ಪ್ಯಾಂಟು, ಬಿಳಿ ಶೂ, ಮಾತಿನ ಕೊನೆಗೊಂದು ಆಮೆನ್. ಆರಿದ್ರ ಮಳೆ ಹಿಡಿದು ಕೂತಿದ್ದ ವಾರದಲ್ಲೇ ಬಿಳಿ ಶೂ ಹಾಕಿಕೊಂಡು ಬಸ್ಸಿಳಿದ ಧೈರ್ಯಕ್ಕೆ ನಾವೆಲ್ಲ ಸ್ತೋತ್ರ ಹೇಳಿದೆವು. ಶೂ ಎರಡನೇ ದಿನಕ್ಕೆ ನಮ್ಮ ಊರಿನ ಬಣ್ಣಕ್ಕೆ ತಿರುಗಿತು. ಬ್ರದರ್ ತಿರುಗಲಿಲ್ಲ.

ಸೋಮವಾರ ಅವರಿಗೆ ರಜೆ. ಭಾನುವಾರ ದುಡಿದವರು ಸೋಮವಾರ ಸಬ್ಬತ್ತು ಆಚರಿಸಬೇಕಂತೆ. ಎಸ್ಟೇಟಿನಲ್ಲಿ ದುಡಿಯುವ ನಮ್ಮ ಸಭೆಯವರು ಶನಿವಾರದವರೆಗೂ ದುಡಿದು, ಭಾನುವಾರ ಚರ್ಚಿಗೆ ಬಂದು, ಸೋಮವಾರ ಬೆಳಗ್ಗೆ ಮತ್ತೆ ಚೆಕ್‌ರೋಲಿಗೆ ಹೆಸರು ಬರೆಸುತ್ತಾರೆ. ಅವರ ಸಬ್ಬತ್ತಿನ ಬಗ್ಗೆ ವಿಷನ್‌ನಲ್ಲಿ ಏನೂ ಇರಲಿಲ್ಲ.

ಮಂಗಳವಾರ ಸಮಿತಿ ಸಭೆ. ಬ್ರದರ್ ತಮ್ಮ ಬೇಡಿಕೆ ಪಟ್ಟಿ ಮಂಡಿಸಿದರು: ಬಣ್ಣದ ಲೈಟು ನಾಲ್ಕು, ಡ್ರಮ್ಮಿನ ಸುತ್ತ ಪಾರದರ್ಶಕ ಗೋಡೆ, ಲೈವ್ ಬಿಡಲು ಎರಡು ಕ್ಯಾಮೆರಾ, ಕೊನೆಯಲ್ಲಿ ಒಂದು ಫಾಗ್ ಮಷೀನ್. ನಮ್ಮ ಖಜಾಂಚಿಗೆ ಮೊದಲ ಮೂರು ಅರ್ಥವಾದವು, ಬೆಲೆ ಕೇಳಿದ ಮೇಲೆ ಇನ್ನೂ ಚೆನ್ನಾಗಿ ಅರ್ಥವಾದವು. ನಾಲ್ಕನೆಯದು ಆಗಲಿಲ್ಲ.

“ಫಾಗ್ ಅಂದರೆ?”

“ಮಂಜು ಅಂಕಲ್. ಸ್ಟೇಜ್ ಮೇಲೆ ಮಂಜು ಬಿಟ್ಟರೆ ಲೈಟ್ ಬೀಮ್ ಕಾಣುತ್ತೆ. ಪ್ರೆಸೆನ್ಸ್ ಫೀಲ್ ಆಗುತ್ತೆ.”

ಖಜಾಂಚಿ ಎದ್ದು ಹೋಗಿ ಬಲಗಡೆಯ ಕಿಟಕಿಯ ಚಿಲಕ ತೆಗೆದರು. ಗಾಳಿಬೀಡಿನ ಜೂನ್ ತಿಂಗಳು ಪೂರ್ತಿಯಾಗಿ ಒಳಗೆ ಬಂತು. ಎರಡು ನಿಮಿಷದಲ್ಲಿ ಪೀಠದ ಮೇಲಿನ ಶಿಲುಬೆ ಮರೆಯಾಯಿತು, ಆಮೇಲೆ ನಮ್ಮ ಪಾಸ್ಟರ್ ಅಯ್ಯನವರು ಮರೆಯಾದರು, ಕಾರ್ಯದರ್ಶಿ ಕೆಮ್ಮಿದ್ದು ಮಾತ್ರ ಕೇಳಿಸಿತು. “ಸಾಕಾ ಮಾರಾಯ, ಇನ್ನೊಂದು ಕಿಟಕಿ ತೆಗೀಲಾ?” ಎಂದು ಮಂಜಿನೊಳಗಿನಿಂದ ಖಜಾಂಚಿಯ ಧ್ವನಿ ಬಂತು. ಆ ಬಾಬ್ತು ಅಲ್ಲಿಗೇ ವಜಾ. ಆದರೆ ಒಂದು ವಿಷಯ ಬರೆದಿಡಬೇಕು. ಮಾಡಿನ ಸೋರಿಕೆಗೆ ಟಾರ್ಪಾಲು ಹೊದಿಸುವ ಖರ್ಚನ್ನು ಮುಂದಿನ ತಿಂಗಳಿಗೆ ಮುಂದೂಡಿದ ಅದೇ ಸಮಿತಿ, ಬಣ್ಣದ ಲೈಟು ನಾಲ್ಕಕ್ಕೆ ಅದೇ ಸಭೆಯಲ್ಲಿ ಒಪ್ಪಿಗೆ ಕೊಟ್ಟಿತು. ಮಡಿಕೇರಿಯ ಇನ್ನೊಂದು ಸಭೆಯಲ್ಲಿ ಆಗಲೇ ಆರು ಲೈಟು ಇದ್ದವು. ಪವಿತ್ರಾತ್ಮನ ಪ್ರೇರಣೆ ಎಂದರೆ ಹೆಚ್ಚಿನ ಸಲ ಪಕ್ಕದ ಸಭೆಯೇ.

ಬುಧವಾರ ಸ್ಟೂಡೆಂಟ್ ಮಿನಿಸ್ಟ್ರಿ. ಗಾಳಿಬೀಡಿನಲ್ಲಿ ಜವಾಹರ ನವೋದಯ ವಿದ್ಯಾಲಯ ಇದೆ. ಆರನೇ ತರಗತಿಯಿಂದ ಹನ್ನೆರಡರವರೆಗೆ ಮಕ್ಕಳು ಅಲ್ಲೇ ಉಳಿದು ಓದುತ್ತಾರೆ. ಬಸ್ಸಿನ ಕಿಟಕಿಯಿಂದ ಅದರ ಬೋರ್ಡು ಕಂಡ ಕ್ಷಣವೇ ಬ್ರದರ್‌ಗೆ ದರ್ಶನವಾಯಿತು: ಕ್ಯಾಂಪಸ್ ಔಟ್‌ರೀಚ್! ಗಿಟಾರ್ ಹೆಗಲಿಗೇರಿಸಿ ಹೊರಟೇಬಿಟ್ಟಿದ್ದರು. ಅಯ್ಯನವರು ಛತ್ರಿ ಹಿಡಿದು ಹಿಂದೆಯೇ ಓಡಿ ಗೇಟಿನ ಈಚೆ ತಡೆದರು. ಸರಕಾರದ ಹಣದಿಂದಲೇ ಪೂರ್ತಿ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಇರಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಬೈಬಲ್ ಕಾಲೇಜಿನಲ್ಲಿ ಯಾಜಕಕಾಂಡ ಹೇಳಿಕೊಟ್ಟಿದ್ದರು, ಇದನ್ನು ಹೇಳಿಕೊಟ್ಟಿರಲಿಲ್ಲ. “2022ರ ಮತಾಂತರ ನಿಷೇಧ ಕಾಯ್ದೆಯನ್ನು ರದ್ದು ಮಾಡಲು 2023ರ ಜೂನ್‌ನಲ್ಲೇ ರಾಜ್ಯ ಸಂಪುಟ ತೀರ್ಮಾನಿಸಿತಲ್ಲ ಪಾಸ್ಟರ್” ಎಂದು ಬ್ರದರ್ ವಾದಿಸಿದರು. “ಸಂಪುಟದ ತೀರ್ಮಾನ ವಿಧಾನಸೌಧದಲ್ಲಿರುತ್ತೆ. ಠಾಣೆಯ ಬೆಂಚು ಇಲ್ಲೇ ಇದೆ” ಎಂದರು ಅಯ್ಯನವರು. ಹಾಸ್ಟೆಲ್ ಗೇಟಿನ ಮುಂದೆ ಗಿಟಾರ್ ಹಿಡಿದು ನಿಂತ ಕ್ರೈಸ್ತ ಯುವಕನನ್ನು ಕಂಡರೆ ನಾಡು ಉಳಿಸಲು ಓಡಿ ಬರುವವರಿಗೂ ನಮ್ಮ ಕಡೆ ಬರಗಾಲವಿಲ್ಲ. ಅವರದೂ ಒಂಥರಾ ಸ್ಟೂಡೆಂಟ್ ಮಿನಿಸ್ಟ್ರಿಯೇ. ಅದಕ್ಕೆ ಇಂಟರ್ನ್‌ಗಳ ಕೊರತೆ ಯಾವತ್ತೂ ಆಗಿಲ್ಲ.

ಹಾಗಾಗಿ ಮಿನಿಸ್ಟ್ರಿ ಚರ್ಚಿನ ಜಗಲಿಯಲ್ಲೇ ನಡೆಯಿತು. ಏಳೆಂಟು ಮಕ್ಕಳು ಬಂದಿದ್ದರು. ಉಜ್ಜೀವನ ಶುರುವಾಯಿತೆಂದು ಬ್ರದರ್ ಫೋಟೋ ಹಾಕಿದರು. ಆ ಜಗಲಿಯಲ್ಲಿ ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ, ಊರಿನ ಮಕ್ಕಳೆಲ್ಲ ಮೊದಲಿನಿಂದಲೂ ಅಲ್ಲೇ ಕೂರುವುದು ಎಂದು ಯಾರೂ ಹೇಳಲು ಹೋಗಲಿಲ್ಲ. ಮೊದಲು ಐಸ್‌ಬ್ರೇಕರ್ ಆಟ. ಒದ್ದೆ ಸ್ವೆಟರಿನಲ್ಲಿ ನಡುಗುತ್ತಿದ್ದ ಮಕ್ಕಳಿಗೆ ಐಸ್ ಎಂಬ ಪದವೇ ಹಿಡಿಸಲಿಲ್ಲ. ಆಮೇಲೆ ಪಫ್ಸ್ ಬಂತು; ಅದು ಮಾತ್ರ ಎಲ್ಲರಿಗೂ ಹಿಡಿಸಿತು. ಕೊನೆಗೆ “ನಿಮ್ಮ ಹೃದಯದಲ್ಲಿರುವ ಪ್ರಶ್ನೆ ಕೇಳಿ” ಎಂದು ಬ್ರದರ್ ಕಣ್ಣು ಮುಚ್ಚಿದರು. ಪಿಯುಸಿ ಹುಡುಗಿಯೊಬ್ಬಳು ಕೇಳಿದಳು: “ಅಣ್ಣ, ಇಂಟೆಗ್ರೇಷನ್ ಹೇಳಿಕೊಡ್ತೀರಾ? ನಮ್ಮ ಕಾಲೇಜಿನಲ್ಲಿ ಮ್ಯಾಥ್ಸ್‌ಗೆ ಲೆಕ್ಚರರ್ ಇಲ್ಲ.” ಬ್ರದರ್ ಬಿ.ಎಸ್ಸಿ. ಮಾಡಿದವರು. ಆದರೂ ಅದು ತಮ್ಮ ಕರೆಯಲ್ಲ ಎಂದರು. ಅಷ್ಟರಲ್ಲಿ ಸಂಜೆಯ ಕೊನೆಯ ಬಸ್ಸಿನ ಹಾರ್ನ್ ಕೇಳಿಸಿತು, ಕೃಪಾವಚನಕ್ಕೂ ಕಾಯದೆ ಮಿನಿಸ್ಟ್ರಿ ಅಂಗಳ ದಾಟಿ ಓಡಿತು.

ಗುರುವಾರ ಎಸ್ಟೇಟಿನ ಲೈನ್ ಮನೆಗಳಲ್ಲಿ ಪ್ರಾರ್ಥನೆ ಇತ್ತು. ಬ್ರದರ್‌ಗೆ ಗಂಟಲು ನೋವು. ಶುಕ್ರವಾರವೂ ಅದೇ ಗಂಟಲು.

ಶನಿವಾರ ಪ್ರಾಕ್ಟೀಸ್. ವಾರದ ತಿರುಳೇ ಇದು, ಹಾಗಾಗಿ ಗಂಟಲು ತಾನಾಗಿ ಸರಿಹೋಯಿತು. ಮೊದಲೆಲ್ಲ ಅಯ್ಯನವರು ಶನಿವಾರ ರಾತ್ರಿ ಒಂದು ಚೀಟಿಯಲ್ಲಿ ಮೂರು ಹಾಡಿನ ನಂಬರ್ ಬರೆದು ಹಾರ್ಮೋನಿಯಂನವರಿಗೆ ಕಳಿಸುತ್ತಿದ್ದರು. ಈಗ ಅದು ಸೆಟ್‌ಲಿಸ್ಟ್. ಐದು ಹಾಡು, ಮೂರು ಇಂಗ್ಲಿಷ್, ಎರಡು ಇಂಗ್ಲಿಷಿನಿಂದ ಕನ್ನಡಕ್ಕೆ ಎಳೆದು ತಂದವು. ಈ ಹಾಡುಗಳು ಎಲ್ಲಿಂದ ಬರುತ್ತವೆಂಬುದಕ್ಕೆ ಲೆಕ್ಕವಿದೆ. 2010ರಿಂದ 2020ರ ನಡುವೆ ಅಮೆರಿಕದ ಚರ್ಚುಗಳಲ್ಲಿ ಅತಿ ಹೆಚ್ಚು ಹಾಡಿದ 38 ಹಾಡುಗಳನ್ನು ಸಂಶೋಧಕರು ಜಾಲಾಡಿದಾಗ, 36 ಹಾಡುಗಳಿಗೆ ನಾಲ್ಕೇ ನಾಲ್ಕು ಚರ್ಚುಗಳ ನಂಟು ಕಂಡಿತು: ಹಿಲ್‌ಸಾಂಗ್, ಬೆಥೆಲ್, ಎಲಿವೇಶನ್, ಪ್ಯಾಶನ್. ಹಿಲ್‌ಸಾಂಗ್ ಆಸ್ಟ್ರೇಲಿಯದ್ದು. ನಮ್ಮ ಕಾಫಿ ತೋಟಗಳಲ್ಲಿ ಅತ್ತಿ, ಹಲಸು, ನಂದಿ ಮರಗಳನ್ನು ತೆಗೆದು ನೆಟ್ಟಿರುವ ಸಿಲ್ವರ್ ಓಕ್ ಕೂಡ ಆಸ್ಟ್ರೇಲಿಯದ್ದೇ. ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಎಲ್ಲ ತೋಟದಲ್ಲೂ ಒಂದೇ ಥರ ಕಾಣುತ್ತದೆ. ಹಕ್ಕಿಗೆ ಒಂದು ಹಣ್ಣು ಬಿಡುವುದಿಲ್ಲ.

ಹಾಡಿನ ಸಾಹಿತ್ಯ ಪರದೆಯ ಮೇಲೆ ಬರುತ್ತದೆ, ಕನ್ನಡ ಹಾಡೂ ಇಂಗ್ಲಿಷ್ ಅಕ್ಷರದಲ್ಲೇ. ಏಕೆಂದರೆ ಬ್ಯಾಂಡಿನ ಹುಡುಗರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ನಮ್ಮ ‘ಲ’ಕ್ಕೂ ‘ಳ’ಕ್ಕೂ ಭೇದ ತಿಳಿಯದು. ಹೀಗಾಗಿ ದೇವರು ತನ್ನ ಜನರಿಗೆ ವಾಗ್ದಾನ ಮಾಡಿದ ಹಾಲು ಜೇನು ಹರಿಯುವ ದೇಶವನ್ನು ಬ್ರದರ್ ಮೈಕಿನಲ್ಲಿ ಕಣ್ಣು ಮುಚ್ಚಿ, ಕೈ ಎತ್ತಿ, ಹಾಳು ಜೇನಿನ ದೇಶ ಎಂದು ನಾಲ್ಕು ಸಲ ಹಾಡಿದರು. ಮುಂದಿನ ಬೆಂಚಿನ ಆಂಟಿಯೊಬ್ಬರು ಹಲ್ಲೆಲೂಯ ಎಂದರು. ರೂಢಿ.

ಇದೇ ಕೊಡಗಿನಲ್ಲಿ ಒಬ್ಬ ಜರ್ಮನ್ ಪಾದ್ರಿಯೂ ಕೆಲಸ ಮಾಡಿದ್ದ ಎಂಬುದನ್ನು ಬ್ರದರ್‌ಗೆ ಹೇಳಿದರೆ ಯಾವ ಚಾನೆಲ್ ಎಂದು ಕೇಳಿಯಾರು. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದು ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ ದುಡಿದವರು. 1862ರಲ್ಲಿ ಅವರು ಯೇಸುವಿನ ಕಥೆಯನ್ನು ‘ಕಥಾಮಾಲೆ’ ಎಂದು ಬರೆದದ್ದು ಜರ್ಮನ್ ರಾಗದಲ್ಲಲ್ಲ, ಕನ್ನಡದ ಛಂದಸ್ಸಿನಲ್ಲಿ. ಆ ಛಂದಸ್ಸನ್ನು ಮೇಲೆ ಮೇಲೆ ಕಲಿತು ಬಿಟ್ಟವರೂ ಅಲ್ಲ; 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೇ ಸಂಪಾದಿಸಿ ಅಚ್ಚು ಹಾಕಿಸಿದರು. 1894ರ ಅವರ ನಿಘಂಟಿನಲ್ಲಿ ‘ಲ’ ಬೇರೆ, ‘ಳ’ ಬೇರೆ. ಕನ್ನಡಿಗರೇ ಕೈಬಿಟ್ಟ ‘ಱ’, ‘ೞ’ಗಳಿಗೂ ಅಲ್ಲಿ ಮರ್ಯಾದೆಯಿದೆ. ಅವರಿಗಿಂತ ಹಿರಿಯರಾದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ, ಹತ್ತು ವರ್ಷದ ಮೇಲೆ ಕೊಡಗಿಗೆ ಬಂದು, ಗದ್ದೆಯ ಜೀತದಲ್ಲಿದ್ದವರಿಗೆ ಸಿದ್ದಾಪುರದ ಹತ್ತಿರ ಆನಂದಪುರ ಕಟ್ಟಿದರು. ಮಿಷನರಿಗಳಿಗೆ ಆರತಿ ಎತ್ತುತ್ತಿದ್ದೇನೆ ಎಂದುಕೊಳ್ಳಬೇಡಿ. ನಮ್ಮ ಜನರ ದೈವ ದೇವರುಗಳ ಬಗ್ಗೆ ಬರೆಯುವಾಗ ಅವರ ಲೇಖನಿ ಸಾಕಷ್ಟು ವಿಷ ಕಾರಿದೆ. ಆದರೂ ಜರ್ಮನಿಯವನು ಕನ್ನಡಿಗನ ಹಾಗೆ ಹಾಡಲು ಆಯುಷ್ಯ ಸವೆಸಿದ. ನಮ್ಮ ಹುಡುಗ ಅಮೆರಿಕದವನ ಹಾಗೆ ಮೂಗಿನಲ್ಲಿ ಹಾಡಲು ಮೂರು ವರ್ಷದ ಫೀಸು ಕಟ್ಟಿದ.

ಭಾನುವಾರ. ಮೊದಲ ಹಾಡು ಮಳೆಯದ್ದು. ಸುರಿಸು, ಇನ್ನೂ ಸುರಿಸು, ಪ್ರವಾಹವಾಗಿ ಬಾ, ನಮ್ಮನ್ನು ಮುಳುಗಿಸು ಎಂಬ ಅರ್ಥದ್ದು. ಮಳೆಯ ಮುಖ ಕಾಣದ ಯಾವುದೋ ಸೀಮೆಯಲ್ಲಿ ಹುಟ್ಟಿರಬೇಕು. ಹೊರಗೆ ಮೂರು ದಿನದಿಂದ ಬಿಡದೆ ಹೊಯ್ಯುತ್ತಿತ್ತು. ಒಳಗೆ ಎಡಬದಿಯ ನಾಲ್ಕನೇ ಬೆಂಚಿನ ಮುಂದಿಟ್ಟ ಬಕೆಟ್ಟು ಡ್ರಮ್ಮಿಗಿಂತ ನಿಖರವಾಗಿ ತಾಳ ಹಾಕುತ್ತಿತ್ತು. 2018ರ ಆಗಸ್ಟಿನಲ್ಲಿ ಗಾಳಿಬೀಡು, ಕಾಲೂರು, ಹೆಬ್ಬೆಟ್ಟಗೇರಿ, ಮಕ್ಕಂದೂರು, ಮುಕ್ಕೋಡ್ಲು ಕಡೆಯ ಗುಡ್ಡಗಳು ಜರಿದು ತೋಟ, ಮನೆ, ರಸ್ತೆ ಕೊಚ್ಚಿಕೊಂಡು ಹೋದದ್ದನ್ನು ಕಂಡವರು ಆ ಬೆಂಚುಗಳಲ್ಲಿದ್ದರು. ಪರಿಹಾರ ಕೇಂದ್ರದ ಚಾಪೆಯ ಮೇಲೆ ಮಲಗಿ ಎದ್ದವರಿದ್ದರು. ಅವರು ಯಾರೂ ಬಾಯಿ ತೆರೆಯಲಿಲ್ಲ. ಸಭೆಯಲ್ಲಿ ಅಭಿಷೇಕ ಕಡಿಮೆ ಎಂದು ಬ್ರದರ್ ಇನ್ನೊಂದು ಸುತ್ತು ಎತ್ತಿಕೊಂಡರು.

ಆರಾಧನೆ ಮುಗಿದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದು ಕೈಮುಗಿದರು. “ಬ್ರದರೇ, ಆ ಹಾಡನ್ನ ಚಿತ್ರದುರ್ಗದ ಸಭೆಗೆ ಕಳಿಸಿಬಿಡಿ. ಅಲ್ಲಿ ಬೇಕಾಗಿದೆ.”

“ಅದು ಸ್ಪಿರಿಚುವಲ್ ಮಳೆ ಅಂಕಲ್.”

“ಗುಡ್ಡಕ್ಕೆ ಅದು ಗೊತ್ತಾಗಬೇಕಲ್ಲ.”

ಎರಡನೇ ಹಾಡಿನ ನಡುವೆ ಕರೆಂಟು ಹೋದದ್ದನ್ನು ಹೇಳಲು ಮರೆತೆ. ಕೀಬೋರ್ಡ್ ಸತ್ತಿತು, ಪರದೆ ಕಪ್ಪಾಯಿತು, ಬಣ್ಣದ ಲೈಟು ನಾಲ್ಕೂ ಆರಿದವು. ಆಗ ಮೂಲೆಯಲ್ಲಿದ್ದ ಅಜ್ಜಿಯೊಬ್ಬರು ಎದ್ದು ನಿಂತು ಹಳೆಯ ಕೀರ್ತನೆಯೊಂದನ್ನು ಬಾಯಿಪಾಠದಿಂದ ಹಾಡಿದರು, ಎಲ್ಲರ ಕಣ್ಣು ತೇವವಾಯಿತು ಎಂದು ಬರೆದರೆ ಓದಲು ಹಿತ. ಅಂಥದ್ದೇನೂ ಆಗಲಿಲ್ಲ. ಅಜ್ಜಿಗೂ ಮೊದಲ ಸಾಲಿನ ಆಚೆಗೆ ಪದ ನೆನಪಿರಲಿಲ್ಲ. ಪರದೆ ಬಂದ ವರ್ಷವೇ ಹಾಡಿನ ಪುಸ್ತಕಗಳು ಬೀರುವಿಗೆ ಹೋದವು, ಗೆದ್ದಲು ಅವುಗಳ ಮೊದಲ ಅರ್ಧ ಮುಗಿಸಿದೆ. ನಾವೆಲ್ಲ ಕತ್ತಲಲ್ಲಿ ಸುಮ್ಮನೆ ಕೂತು ಬಕೆಟ್ಟಿನ ಸದ್ದು ಕೇಳಿದೆವು. ಜನರೇಟರಿನ ಡೀಸೆಲ್ ತರುವ ಸರದಿ ಯಾರದೆಂದು ಹಿಂದಿನ ಬೆಂಚಿನಲ್ಲಿ ಸಣ್ಣಗೆ ಜಗಳ ನಡೆಯಿತು.

ತಪ್ಪನ್ನೆಲ್ಲ ಇಪ್ಪತ್ತಮೂರು ವರ್ಷದ ಹುಡುಗನ ತಲೆಗೆ ಕಟ್ಟುವುದು ನಮಗೆ ಅನುಕೂಲ. ಅವನನ್ನು ಕರೆಸಿದ್ದು ನಾವು. ಲೈವ್ ಬಿಟ್ಟರೆ ದುಬೈನಲ್ಲಿರುವ ಮಗ ನೋಡುತ್ತಾನೆ ಎಂದು ಕ್ಯಾಮೆರಾಕ್ಕೆ ಚಂದಾ ಎತ್ತಿದ್ದು ನಾವು. ಕನ್ನಡ ಆರಾಧನೆ ಉಳಿಯಬೇಕೆಂದು ವಾರ್ಷಿಕ ಸಭೆಯಲ್ಲಿ ಮೇಜು ಕುಟ್ಟಿದ ಹಿರಿಯರ ಮಗಳ ಮದುವೆಯ ಕರೆಯೋಲೆಯಲ್ಲಿ ಕನ್ನಡ ಹುಡುಕಿ ನನಗೆ ಕಣ್ಣು ನೋವು ಬಂದಿದೆ. ಹುಡುಗನಿಗೆ ‘ಳ’ ಬಾರದಿದ್ದರೆ ಅದನ್ನು ಕಲಿಸದ ಕಾನ್ವೆಂಟಿಗೆ ಡೊನೇಷನ್ ಕಟ್ಟಿದವರು ನಮ್ಮಂಥ ಅಪ್ಪ ಅಮ್ಮಂದಿರೇ.

ಹಾಡುವವರು ಇಲ್ಲವಾದ ಚರ್ಚನ್ನು ನೋಡಬೇಕೆಂದರೆ, ಮಡಿಕೇರಿಯ ಕೋಟೆಯೊಳಗೆ 1855ರಲ್ಲಿ ಇಂಗ್ಲಿಷರಿಗಾಗಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚ್ ಇದೆ. ಹಾಡುವವರು ಹಡಗು ಹತ್ತಿದರು. ಕಟ್ಟಡ ಈಗ ಸರಕಾರಿ ವಸ್ತುಸಂಗ್ರಹಾಲಯ. ಬಣ್ಣದ ಗಾಜುಗಳು ಹಾಗೆಯೇ ಇವೆ, ಲೈಟಿಂಗಿಗೆ ಏನೂ ಕೊರತೆಯಿಲ್ಲ.

ಬ್ರದರ್‌ನ ಅವಧಿ ಮುಗಿದಿದೆ, ಹೊಸಬರು ಬರುತ್ತಿದ್ದಾರಂತೆ. ಸಮಿತಿಯವರಲ್ಲಿ ನನ್ನದು ಒಂದೆರಡು ಅರಿಕೆ. ಬರುವವರಿಗೆ ಕಿಟ್ಟೆಲ್ ನಿಘಂಟು ಕೊಡುವುದು ಬೇಡ, ಭಾರವಾದೀತು. ಮೂರನೇ ತರಗತಿಯ ಕನ್ನಡ ಪಠ್ಯಪುಸ್ತಕ ಒಂದನ್ನು ಕೀಬೋರ್ಡಿನ ಮೇಲೆ ಇಟ್ಟಿರಿ. ಬುಧವಾರ ಸಂಜೆ ಇಂಟೆಗ್ರೇಷನ್ ಹೇಳಿಕೊಡಬಲ್ಲರೇ ಎಂದು ಮೊದಲೇ ಕೇಳಿಕೊಳ್ಳಿ, ಆ ಹುಡುಗಿಗೆ ಮಾರ್ಚಿನಲ್ಲಿ ಪರೀಕ್ಷೆ. ಮತ್ತು ದಯವಿಟ್ಟು ಆ ಟಾರ್ಪಾಲು ತನ್ನಿ, ಬಕೆಟ್ಟು ನನ್ನ ಮನೆಯದು.