ರಟ್ಟಿನ ಗ್ರಾಫಿಕ್ಸ್ ಕಾರ್ಡು

ಹೊಸ ಕಂಪ್ಯೂಟರ್ ಕೊಳ್ಳುವುದು ಹಣವಂತರ ಕೆಲಸ. ಹಳೆಯದಕ್ಕೆ ಏನೇನು ಹೊಂದುತ್ತದೆಂದು ಲೆಕ್ಕ ಹಾಕುತ್ತ ಕೂರುವುದು ರಸಿಕರ ಕೆಲಸ. ನಾನು ಎರಡನೆಯ ಪಂಗಡದವನು.

ಅತ್ತಾವರದ ನಮ್ಮ ಮನೆಯಲ್ಲಿ, ಸೆಂಟ್ರಲ್ ಸ್ಟೇಷನ್ನಿನ ರೈಲಿನ ಕೂಗು ಕೇಳುವ ಕೋಣೆಯಲ್ಲಿ, ಸೆವೆಂತ್ ಜನರೇಶನ್ನಿನ ಐ5 ಒಂದು ತನ್ನ ಪಾಡಿಗೆ ತಾನು ಓಡುತ್ತಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ಜನರೇಶನ್ನಾದರೂ ಬೇಕು. ಒಂದೇ ಮೆಟ್ಟಿಲು ಕಡಿಮೆ! ಬೇಸರವಾಗಬೇಕಿತ್ತು, ನನಗೆ ಹಬ್ಬವಾಯಿತು.

ಎಂಟನೆಯದನ್ನೇ ತಂದು ಕೂರಿಸಿದರಾಯಿತಲ್ಲ ಎನ್ನುತ್ತೀರಿ. ಎರಡರ ಸಾಕೆಟ್ಟೂ ಎಲ್‌ಜಿಎ 1151. ಕೂರುವುದೇನೋ ಕೂರುತ್ತದೆ, ಏಳುವುದಿಲ್ಲ. ಅದಕ್ಕೆ 300 ಸರಣಿಯ ಚಿಪ್‌ಸೆಟ್ಟೇ ಆಗಬೇಕೆಂದು 2017ರಲ್ಲೇ ಕಟ್ಟಳೆಯಾಗಿದೆ. ಅಂಗಡಿಯವರೊಬ್ಬರು ಮಾತ್ರ "ಎಲ್ಲ ಕೂತ್ಕೊಳ್ತದೆ ಸರ್, ಟೆನ್ಶನ್ ಮಾಡ್ಬೇಡಿ" ಎಂದರು. ಟೆನ್ಶನ್ ಬೇಡವೆನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಎಎಂಡಿ ಕಡೆ ಹೊರಳಿದೆ. ಎಎಂ5 ಸಾಕೆಟ್ಟಿಗೆ ಡಿಡಿಆರ್5 ರ‍್ಯಾಮೇ ಬೇಕು. ಎಐ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನು ಬಾಚತೊಡಗಿದ ಮೇಲೆ ಅದರ ಬೆಲೆ ಕೇಳುವ ಹಾಗಿಲ್ಲ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ 'ಕ್ರೂಶಿಯಲ್' ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿಬಿಟ್ಟಿತು. ಸರಿ, ಇರುವ ಡಿಡಿಆರ್4 ಉಳಿಸಿಕೊಳ್ಳಲು ಎಎಂ4 ಬೋರ್ಡು, ಅದಕ್ಕೊಂದು ರೈಜನ್ 5 5600. ಅದರೊಳಗೆ ಗ್ರಾಫಿಕ್ಸ್ ಇಲ್ಲ, ಆದ್ದರಿಂದ ಬೇರೆ ಕಾರ್ಡು. ನಾನು ಕಣ್ಣು ಹಾಕಿದ ಕಾರ್ಡಿನ ಉದ್ದ 282 ಮಿಲಿಮೀಟರ್.

ಅಕ್ಕನ ಮಗ ಫೋನಿನಲ್ಲಿ, "ಮಾಮ, 5600ಜಿ ತಗೊಳ್ಳಿ, ಅದರಲ್ಲೇ ಗ್ರಾಫಿಕ್ಸ್ ಉಂಟು, ಕಾರ್ಡೇ ಬೇಡ" ಎಂದ. ಸಮಸ್ಯೆಯನ್ನೇ ಇಲ್ಲವಾಗಿಸುವ ಇಂಥ ಹುಡುಗರಿಗೆ ಬದುಕಿನ ರುಚಿ ಹತ್ತುವುದೆಂದು? ಫೋನಿಟ್ಟೆ.

ಕ್ಯಾಬಿನೆಟ್ ಬಿಚ್ಚಿದೆ. ಕಡಲ ಹವೆಗೆ ಸ್ಕ್ರೂಗಳ ತಲೆ ಕೆಂಪಾಗಿತ್ತು. ಫ್ಯಾನಿನ ಎಲೆಗಳ ಅಂಚಿಗೆ ಜಿಡ್ಡು ಧೂಳು. ಪವರ್ ಸಪ್ಲೈ ಮೂಲೆಯಲ್ಲಿ ಹಲ್ಲಿಮೊಟ್ಟೆಯ ಚಿಪ್ಪು. ಟೇಪು ಹಿಡಿದೆ: ಹಾರ್ಡ್‌ಡಿಸ್ಕ್ ಕೂರುವ ಚೌಕಟ್ಟಿನವರೆಗೆ 290. ಎಂಟು ಮಿಲಿಮೀಟರ್ ಲಾಭ. ಆದರೆ ಟೇಪಿಗೇನು ಗೊತ್ತು? ಕಾರ್ಡನ್ನು ಓರೆ ಮಾಡಿ ಇಳಿಸಬೇಕು, ಸಾಟಾ ಕೇಬಲ್ ಮಡಚಿಕೊಳ್ಳಬೇಕು. ಅಟ್ಟದಿಂದ ಮಿಕ್ಸಿಯ ಪೆಟ್ಟಿಗೆ ಇಳಿಸಿ, ರಟ್ಟು ಕತ್ತರಿಸಿ, 282 ಉದ್ದ, 120 ಅಗಲ, 45 ದಪ್ಪದ ಕಾರ್ಡೊಂದನ್ನು ಮಾಡಿದೆ. ಸ್ಲಾಟಿಗಿಳಿಯಲು ಕೆಳಗೊಂದು ನಾಲಗೆ. ಎಂಟು ಪಿನ್ನಿನ ಪವರ್ ಪ್ಲಗ್ಗಿನ ಜಾಗದಲ್ಲಿ ರಬ್ಬರಿನ ತುಂಡು. ಮಗಳು ಸ್ಕೆಚ್ ಪೆನ್ನಿನಲ್ಲಿ ಮೂರು ಫ್ಯಾನ್ ಬರೆದುಕೊಟ್ಟಳು. ಹೆಂಡತಿ ಬಾಗಿಲಲ್ಲಿ ನಿಂತು, "ಗಾಳಿ ಬರ್ತದಾ?" ಎಂದಳು.

ಹೋಯಿತು, ಇಳಿಯಿತು, ಕೂತಿತು! ಆದರೆ ನಿಜವಾದ ಕಾರ್ಡಿಗೆ ತೂಕವಿದೆ. ತೂಕಕ್ಕೆ ತುದಿ ಜೋಲುತ್ತದೆ. ಜೋತರೆ ಎಷ್ಟು? ಅಡುಗೆಮನೆಯ ತಕ್ಕಡಿಯಲ್ಲಿ 900 ಗ್ರಾಂ ಕುಚ್ಚಲಕ್ಕಿ ತೂಗಿ ಕಾರ್ಡಿನೊಳಗೆ ಸುರಿದು, ಬಾಯಿಗೆ ಟೇಪು ಸುತ್ತಿ, ಎರಡೂ ಕೈಯಲ್ಲಿ ಎತ್ತಿ ತಂದು ಸ್ಲಾಟಿಗಿಳಿಸಿದೆ. ಟಾರ್ಚು ಬಿಟ್ಟು ಸ್ಕೇಲು ಹಿಡಿದೆ. ಒಂದು ಮಿಲಿಮೀಟರ್ ಜೋತಿತು. ಎರಡು. ಮೂರು. ಉಸಿರು ಹಿಡಿದು ನಾಲ್ಕನೆಯದನ್ನು ಕಾಯುತ್ತಿದ್ದಾಗ ಮೂಲೆ ಬಿರಿದು ಅಷ್ಟೂ ಅಕ್ಕಿ ಮದರ್‌ಬೋರ್ಡಿನ ಮೇಲೆ ಸುರಿಯಿತು.

"ಎಂತ ಮಾರಾಯ್ರೆ, ಕಂಪ್ಯೂಟರಿಗೂ ಊಟಕ್ಕೆ ಹಾಕ್ಲಿಕ್ಕೆ ಶುರು ಮಾಡಿದ್ರಾ?"

ಚಿಮಟ ಹಿಡಿದು ರ‍್ಯಾಮಿನ ಸಂದಿಯಿಂದ ಒಂದೊಂದೇ ಕಾಳು ಹೆಕ್ಕುವಾಗ ಆ ಬೋರ್ಡನ್ನು ಮೊದಲ ಸಲ ಸರಿಯಾಗಿ ನೋಡಿದೆ. ಒಂದು ಕೆಪಾಸಿಟರ್ ಉಬ್ಬಿರಲಿಲ್ಲ, ಒಂದು ಬೆಸುಗೆ ಬಿಟ್ಟಿರಲಿಲ್ಲ. ಇದಕ್ಕೆ ಯಾವ ರೋಗವೂ ಇಲ್ಲ. ಎಲ್ಲೋ ಕೂತವರು ಕ್ಯಾಲೆಂಡರಿನಲ್ಲಿ ಒಂದು ದಿನ ಗುರುತು ಮಾಡಿದರು, ಅಷ್ಟೆ. ಇದರ ಓರಗೆಯ ಎಷ್ಟೋ ಯಂತ್ರಗಳು ಕೈಕಾಲು ಗಟ್ಟಿಯಿರುವಾಗಲೇ ಗುಜರಿಯವನ ತಕ್ಕಡಿ ಏರುತ್ತವೆ. ಲಿನಕ್ಸ್ ಹಾಕಿದರೆ ಇದು ಇನ್ನೂ ಎಷ್ಟೋ ಕಾಲ ಓಡೀತು, ಗೊತ್ತು. ಹಾಗೆಂದ ಗೆಳೆಯನ ಜೊತೆಗೂ ಸದ್ಯ ಮಾತು ಬಿಟ್ಟಿದ್ದೇನೆ.

ಇಷ್ಟರಲ್ಲಿ ಮೇಲಿನ ಮನೆಯ ಬಾಡಿಗೆಯ ಮೆಡಿಕಲ್ ಹುಡುಗ, "ಅಂಕಲ್, ನಿಮ್ಮ ಲಿಸ್ಟ್ ಒಮ್ಮೆ ಕೊಡ್ತೀರಾ?" ಎಂದು ಒಯ್ದವನು, ಬೋರ್ಡಿನಿಂದ ಕಾರ್ಡಿನವರೆಗೆ ಎಲ್ಲವನ್ನೂ ತರಿಸಿ ಒಂದೇ ಸಂಜೆಯಲ್ಲಿ ಜೋಡಿಸಿಬಿಟ್ಟ. ಹೋಗಿ ನೋಡಿದೆ. ತಡಕಿ ತಡಕಿ ನೋಡಿದೆ. ಒಂದು ಮಿಲಿಮೀಟರ್ ಆಚೀಚೆ ಇಲ್ಲ, ಬಟನ್ ಒತ್ತಿದರೆ ಎದ್ದೂಬಿಡುತ್ತದೆ. ಇಷ್ಟು ನೀರಸವಾದ ಕಂಪ್ಯೂಟರನ್ನು ನಾನು ಕಂಡದ್ದಿಲ್ಲ.

ಅವನ ಮಾನಿಟರ್ ಮಾತ್ರ ಹಳೆಯದು, ಬರೀ ವಿಜಿಎ ಕಿಂಡಿ. ಹೊಸ ಕಾರ್ಡಿನಲ್ಲಿ ಅದಿಲ್ಲ, ನಡುವೆ ಒಂದು ಅಡಾಪ್ಟರ್ ನೇತಾಡುತ್ತಿತ್ತು. "ಸಾಕು ಅಂಕಲ್, ನಡೀತದೆ" ಎಂದ.

"ನಡೀತದೆ ಅಂದ್ರೆ ಸಾಕಾ? ನಾಳೆ ಟೇಪು ತರ್ತೇನೆ, ಮೇಜಿನ ಅಗಲ ನೋಡುವ" ಎಂದೆ.