ಎಡಗಾಲಿಗೊಂದು ಏಟು

ಮದುವೆ ಸಂಬಂಧ ಕುದುರಿಸುವಾಗ ಹುಡುಗ ಏನು ಓದಿದ್ದಾನೆ, ಸಂಬಳವೆಷ್ಟು, ಸೈಟು ಇದೆಯಾ ಎಂದೆಲ್ಲ ವಿಚಾರಿಸುತ್ತಾರೆ. ಶಾಲೆಯ ಬ್ಯಾಂಡ್‌ಸೆಟ್ಟಿನಲ್ಲಿ ಏನು ಬಾರಿಸುತ್ತಿದ್ದ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಎಷ್ಟೋ ಹೆಣ್ಣುಮಕ್ಕಳ ಬಾಳು ನೆಟ್ಟಗಿರುತ್ತಿತ್ತು. ಸೈಡ್ ಡ್ರಮ್ಮಿನವನು ವಾಚಾಳಿ, ಎದುರಿಗಿದ್ದವರಿಗೆ ಉಸಿರಾಡಲೂ ಬಿಡುವು ಕೊಡುವುದಿಲ್ಲ. ಬ್ಯೂಗಲ್ಲಿನವನಿಗೆ ಗೊತ್ತಿರುವುದೇ ನಾಲ್ಕೈದು ಸ್ವರ, ಆದರೆ ಅದು ಊರಿಗೆಲ್ಲ ಕೇಳಬೇಕೆಂಬ ಹಟ. ತಾಳದವನು ಗಂಟೆಗಟ್ಟಲೆ ತಣ್ಣಗಿದ್ದು ಒಮ್ಮೆಲೇ ಸಿಡಿಯುವ ಪೈಕಿ. ಅಳಿಯನಾಗಲು ಯೋಗ್ಯನೆಂದರೆ ಟ್ರಯಾಂಗಲ್ಲಿನವನೇ: ತನ್ನ ಸರದಿಗೆ ಕಾದು, ಒಂದು ಸಲ ಟಿಂಗ್ ಅಂದು, ಮತ್ತೆ ಸುಮ್ಮನಾಗಿಬಿಡುತ್ತಾನೆ.

ನಾನು ಬಾಸ್ ಡ್ರಮ್ಮು. ನನ್ನ ಆಯ್ಕೆಗೆ ಸಂಗೀತಜ್ಞಾನ ಕಾರಣವಲ್ಲ, ಸೊಂಟದ ಸುತ್ತಳತೆ. ಪಿ.ಟಿ. ಮಾಸ್ತರು ಸಾಲಿನುದ್ದಕ್ಕೂ ಕಣ್ಣಾಡಿಸಿ, ಬೆಲ್ಟು ಜಾರದಂತೆ ತಡೆಯುವ ಹೊಟ್ಟೆ ಯಾರದ್ದೆಂದು ನೋಡಿದರು, ಅಷ್ಟೆ. ನಮ್ಮ ಕೆ.ಜಿ.ಎಫ್.ನ ಊರ್ಗಾಂ ಬೀದಿಯಲ್ಲಿ ನಾವು ಅಭ್ಯಾಸಕ್ಕೆ ಹೊರಟರೆ, ಡ್ರಮ್ಮಿಗೆ ಎರಡು ಕಾಲು ಬಂದು ತಾನೇ ನಡೆಯುತ್ತಿದೆಯೆಂದು ಚಿಕ್ಕಮಕ್ಕಳು ಹಿಂದೆ ಓಡಿಬರುತ್ತಿದ್ದರು.

ಕೋಲಾರ ಚಿನ್ನದ ಗಣಿಯೇ ಶಬ್ದದ ಮೇಲೆ ನಡೆಯುತ್ತಿದ್ದ ಊರು. ಪಾಳಿ ಬದಲಾಗುವಾಗ ಸೈರನ್ ಕೂಗಬೇಕು, ಆಗ ಅಮ್ಮ ಒಲೆಯ ಮೇಲೆ ಎಸರಿಡಬೇಕು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಕೆಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಅಡುಗೆಮನೆಯ ಲೋಟಗಳು ನಡುಗುತ್ತಿದ್ದವು. ಆಗ ಗಣಿ ಕಾರ್ಮಿಕರ ಲೈನುಮನೆಗಳ ಹೆಂಗಸರು ಕೈಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅಂಥ ಊರಿನ ಮಕ್ಕಳ ಕಿವಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಕಾಲಿಗೆ ಮಾತ್ರ ಹೇಳಬೇಕಿತ್ತು.

ಅದೇ ಕಷ್ಟ. ಬ್ಯಾಂಡಿನಲ್ಲಿ ತಮಿಳಿನವರು, ತೆಲುಗಿನವರು, ಉರ್ದುವಿನವರು, ಒಬ್ಬ ಆಂಗ್ಲೋ ಇಂಡಿಯನ್, ಕನ್ನಡದ ಪರವಾಗಿ ನಾನು. ಮಾಸ್ತರು ಎಲ್ಲರಿಗೂ ಅವರವರ ಮನೆಮಾತಿನಲ್ಲೇ ಬೈಯುತ್ತಿದ್ದರು, ಆ ವಿಷಯದಲ್ಲಿ ಅವರು ಅಪ್ಪಟ ಸಮದರ್ಶಿ. ಅವರು ಅತ್ತ ತಿರುಗಿದರೆ ಸಾಕು, ಸೈಡ್ ಡ್ರಮ್ಮಿನವರು ದೊರೆಗಳ ಕಾಲದ ಮಾರ್ಚಿನಿಂದ ಮೆಲ್ಲಗೆ ತಮಟೆಯ ಗತ್ತಿಗೆ ಜಾರುತ್ತಿದ್ದರು. ಕಾಲುಗಳು ತಾವಾಗಿಯೇ ಕುಣಿಯುತ್ತಿದ್ದವು, ಬೆತ್ತ ಬರುತ್ತಿತ್ತು. ಅವಿಭಜಿತ ಕೋಲಾರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತಲ್ಲ, ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಬೆತ್ತ.

ಆಗ ಕೆ.ಜಿ.ಎಫ್. ಬಂಗಾರಪೇಟೆ ತಾಲ್ಲೂಕಿಗೇ ಸೇರಿತ್ತು. ಆಗಸ್ಟ್ 15ಕ್ಕೆ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಗೆ ಹೋಗಬೇಕು. ಹಿಂದಿನ ರಾತ್ರಿ ಬ್ಯೂಗಲ್ಲಿಗೆ ಹುಣಸೆಹಣ್ಣಿನ ಅಭಿಷೇಕ, ಕ್ಯಾನ್ವಾಸ್ ಶೂಗಳಿಗೆ ತರಗತಿಯಿಂದ ಎತ್ತಿಟ್ಟ ಸೀಮೆಸುಣ್ಣ. ರೈಲಿನಲ್ಲಿ ಸೊಪ್ಪಿನ ಬುಟ್ಟಿಯ ಅಜ್ಜಿಯೊಬ್ಬಳು, “ಇದಕ್ಕೂ ಟಿಕೀಟು ತಗೊಂಡಿದ್ದೀಯೇನಪ್ಪಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಬುಟ್ಟಿಯನ್ನು ಡ್ರಮ್ಮಿನ ಮೇಲೆಯೇ ಇಟ್ಟಳು. ಮೆರವಣಿಗೆಯುದ್ದಕ್ಕೂ ಡ್ರಮ್ಮು ಕೊತ್ತಂಬರಿ ವಾಸನೆ ಹೊಡೆಯಿತು.

ಮೆರವಣಿಗೆಯಲ್ಲಿ ಪ್ರತಿವರ್ಷ ಒಂದೇ ಜಗಳ. ಬ್ಯಾಂಡಿನ ಹಿಂದೆ ಊರಿನ ಶಾಲೆಗಳೆಲ್ಲ ಸಾಲುಗಟ್ಟಿರುತ್ತಿದ್ದವು. ಬಾಲದಲ್ಲಿದ್ದ ಪ್ರೈಮರಿ ಮಕ್ಕಳ ಹೆಜ್ಜೆ ತಪ್ಪುತ್ತಿತ್ತು, ಅವರ ಟೀಚರಿಗೆ ವೇದಿಕೆಯಿಂದ ಬೈಗುಳ. ಆಮೇಲೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ ಗುಟ್ಟು ತಿಳಿಯಿತು. ನಿಮಿಷಕ್ಕೆ 120 ಹೆಜ್ಜೆಯೆಂದರೆ ಹೆಜ್ಜೆಗೆ ಅರ್ಧ ಸೆಕೆಂಡು. ಶಬ್ದ ಹೋಗುವುದು ಸೆಕೆಂಡಿಗೆ ಸುಮಾರು 340 ಮೀಟರ್. ನಾನು ಎಡಗಾಲಿಗೆ ಹಾಕಿದ ಏಟು 170 ಮೀಟರ್ ಹಿಂದಿದ್ದ ಮಗುವಿನ ಕಿವಿ ಮುಟ್ಟುವಾಗ ನಾವು ಬಲಗಾಲು ಊರಿಯಾಗಿರುತ್ತಿತ್ತು. ಮಗು ಕೇಳಿಸಿದ ಏಟಿಗೇ ಸರಿಯಾಗಿ ಎಡಗಾಲು ಇಡುತ್ತಿತ್ತು. ತಪ್ಪು ಮಗುವಿನದಲ್ಲ, ಗಾಳಿಯದು.

ಬ್ಯಾಂಡಿನಿಂದ ನನಗೆ ದಕ್ಕಿದ್ದರಲ್ಲಿ ಇದಕ್ಕೆ ಮೊದಲ ಸ್ಥಾನ. ಆಫೀಸಿನಲ್ಲಿ ಯಾರಾದರೂ ಹಿಂದೆ ಬಿದ್ದರೆ ಸೋಮಾರಿ ಅನ್ನುವ ಮೊದಲು, ಇವನು ಡ್ರಮ್ಮಿನಿಂದ ಎಷ್ಟು ದೂರದಲ್ಲಿದ್ದಾನೆ ಎಂದು ನೋಡುತ್ತೇನೆ. ಶಿಸ್ತು, ದೇಶಪ್ರೇಮ, ನಾಯಕತ್ವ ಬರುತ್ತದೆಂದು ಮುಖ್ಯ ಅತಿಥಿಗಳು ಹೇಳುತ್ತಾರೆ. ಬರಬಹುದು. ನನಗೆ ಬಂದದ್ದು ಬೆನ್ನುನೋವು ಮತ್ತು ಈ ಲೆಕ್ಕ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಶಾಲೆಗಳು ಮುಚ್ಚಿಲ್ಲವಲ್ಲ. ಆದರೂ ಎಷ್ಟೋ ಕಡೆ ಮಕ್ಕಳು ಈಗ ಸ್ಪೀಕರಿನೊಳಗಿನ ಬ್ಯಾಂಡಿಗೆ ಹೆಜ್ಜೆ ಹಾಕುತ್ತಾರೆ. ಅದು ತಪ್ಪುವುದೇ ಇಲ್ಲ, ಹಾಗಾಗಿ ನಗುವುದಕ್ಕೂ ಏನಿಲ್ಲ. ಅಸಲಿ ಡ್ರಮ್ಮುಗಳು ಬೀರುವಿನ ಮೇಲೆ ಹಳೇ ಚಾರ್ಟುಗಳಡಿಯಲ್ಲಿ ಮಲಗಿವೆ. ಹೆಡ್‌ಮಾಸ್ತರರೇ, ಬರುವ ಆಗಸ್ಟಿಗೆ ಅವನ್ನು ಇಳಿಸಿ, ಮಕ್ಕಳ ಕೊರಳಿಗೆ ಹಾಕಿ. ಹಾಗೆ ಮಾಡಿದವರಿಗೆ ಬಂಗಾರಪೇಟೆಯ ಬಿಳಿನೀರಿನ ಪಾನಿಪುರಿ ನನ್ನ ಖರ್ಚಿನಲ್ಲಿ. ಬಾಸ್ ಡ್ರಮ್ಮಿನ ಹುಡುಗನಿಗೆ ಎರಡು ಪ್ಲೇಟು.